ಕಂಪ್ಯೂಟರ್‌ನಿಂದ ಆಂಪ್ಲಿಫೈಯರ್‌ಗೆ: ಯಾವ ಸಂಪರ್ಕ, ಯಾಕೆ?

ಸಿಡಿ ಗುಣಮಟ್ಟದ ಸಂಗೀತ ಅಂದರೆ ಸೆಕೆಂಡಿಗೆ 44,100 ಸಲ ಅಳೆದು, ಪ್ರತಿ ಅಳತೆಯನ್ನೂ 16 ಬಿಟ್‌ನಲ್ಲಿ ಬರೆದಿಟ್ಟ ಅಂಕಿಗಳು. ಸ್ಪೀಕರ್ ಮುಟ್ಟುವ ಮೊದಲು ಅವು ಎಲ್ಲಾದರೂ ಒಂದು ಕಡೆ ವಿದ್ಯುತ್ ಅಲೆಯಾಗಬೇಕು. ಆ ಕೆಲಸ ಡ್ಯಾಕ್‌ನದು (ಡಿಜಿಟಲ್-ಟು-ಅನಲಾಗ್ ಕನ್ವರ್ಟರ್). ಹಾಗಾಗಿ ಕೇಬಲ್ ಕೊಳ್ಳುವ ಮುಂಚೆ ಡ್ಯಾಕ್ ಎಲ್ಲಿದೆ ಅಂತ ನೋಡಿಕೊಳ್ಳಿ. ಲ್ಯಾಪ್‌ಟಾಪಿನ ಹೆಡ್‌ಫೋನ್ ಜಾಕ್‌ನಿಂದ ನೇರ ತಂತಿ ಎಳೆದರೆ, ಒಳಗಿನ ಡ್ಯಾಕ್‌ನಲ್ಲೇ ಕೆಲಸ ಮುಗಿದಿರುತ್ತದೆ. ಮುಂದಿನ ಕೇಬಲ್ ಎಷ್ಟು ದುಬಾರಿಯಾದರೂ ಅಲ್ಲಿ ಸೇರಿಕೊಂಡ ಸದ್ದು ಹೋಗುವುದಿಲ್ಲ.

ನನ್ನ ಮೊದಲ ಆಯ್ಕೆ ಯುಎಸ್‌ಬಿ ಡ್ಯಾಕ್, ಅಂದರೆ ಕಂಪ್ಯೂಟರಿನ ಯುಎಸ್‌ಬಿಗೆ ಸಿಕ್ಕಿಸುವ ಪ್ರತ್ಯೇಕ ಡ್ಯಾಕ್. ಇವುಗಳಲ್ಲಿ ಹೆಚ್ಚಿನವು ಅಸಿಂಕ್ರೊನಸ್ ಬಗೆಯವು: ಕಾಲ ಹಿಡಿಯುವ ಗಡಿಯಾರ ಡ್ಯಾಕ್‌ನಲ್ಲೇ ಇರುತ್ತದೆ, ಎಷ್ಟು ವೇಗದಲ್ಲಿ ಅಂಕಿಗಳು ಬೇಕು ಅಂತ ಅದೇ ಕಂಪ್ಯೂಟರಿಗೆ ತಿಳಿಸುತ್ತದೆ. ಯುಎಸ್‌ಬಿ ಆಡಿಯೋದ ಹಳೆಯ ಕ್ಲಾಸ್ 1 ಮಾನದಂಡದಲ್ಲೂ 24 ಬಿಟ್, 96 ಕಿಲೋಹರ್ಟ್ಸ್‌ವರೆಗೆ (ಸೆಕೆಂಡಿಗೆ 96,000 ಅಳತೆ) ಹೋಗಬಹುದು. ಅದಕ್ಕಿಂತ ಮೇಲಿನದಕ್ಕೆ ಬೇಕಾದ ಕ್ಲಾಸ್ 2 ಡ್ರೈವರ್ ವಿಂಡೋಸ್ 10ರಲ್ಲಿ 2017ರಿಂದ ಇದೆ.

ಯುಎಸ್‌ಬಿಯ ದೊಡ್ಡ ತೊಂದರೆ ಗುಂಯ್‌ಗುಡುವಿಕೆ. ಲ್ಯಾಪ್‌ಟಾಪಿನ ಮೂರು ಪಿನ್ ಚಾರ್ಜರ್‌ಗೂ ಅರ್ಥಿಂಗ್, ಆಂಪ್ಲಿಫೈಯರ್‌ಗೂ ಅರ್ಥಿಂಗ್. ನಡುವೆ ಯುಎಸ್‌ಬಿ ತಂತಿ ಸೇರಿದರೆ ಒಂದು ಸುತ್ತು ಪೂರ್ಣವಾಗುತ್ತದೆ, 50 ಹರ್ಟ್ಸ್ ವಿದ್ಯುತ್ತಿನ ಸದ್ದು ಒಳಗೆ ಬರುತ್ತದೆ. ಸಿನಿಮಾ ಹಾಡಿನ ಅಬ್ಬರದಲ್ಲಿ ಇದು ಗೊತ್ತಾಗದೇ ಹೋಗಬಹುದು. ಶಿರಸಿ, ಹೊನ್ನಾವರದ ಕಡೆ ಹಿಂದೂಸ್ತಾನಿ ಕಲಿಯುವವರು ಮಾತ್ರ ಇದನ್ನು ಬಿಡುವ ಹಾಗಿಲ್ಲ. ವಿಲಂಬಿತ ಆಲಾಪದ ಮೌನದಲ್ಲಿ ಈ ಗುಂಯ್ ತಂಬೂರಿಯ ಖರ್ಜದ (ಅತಿ ಕೆಳಸ್ವರದ) ತಂತಿಯ ಹತ್ತಿರವೇ ಕೂತು ಷಡ್ಜವನ್ನು ಮಸುಕು ಮಾಡುತ್ತದೆ. ಪರೀಕ್ಷೆ ಸುಲಭ: ಚಾರ್ಜರ್ ಕಿತ್ತು ಬ್ಯಾಟರಿಯಲ್ಲಿ ನಡೆಸಿ. ಸದ್ದು ಅಡಗಿದರೆ ದೋಷ ಆ ಸುತ್ತಿನದೇ. ಹಾಗಂತ ಅರ್ಥ್ ಪಿನ್ ಮಾತ್ರ ಯಾವತ್ತೂ ಮುರಿಯಬೇಡಿ, ಅದು ಜೀವ ಕಾಯುವ ತಂತಿ.

ಇಂಥಲ್ಲಿ ಕಂಪ್ಯೂಟರಿನಿಂದ ಡ್ಯಾಕ್‌ಗೆ ಯುಎಸ್‌ಬಿ ಬದಲು ಆಪ್ಟಿಕಲ್ ಕೇಬಲ್ ಹಾಕಿ. ಅದರಲ್ಲಿ ಹರಿಯುವುದು ಬೆಳಕು. ಎರಡು ಪೆಟ್ಟಿಗೆಗಳ ನಡುವೆ ವಿದ್ಯುತ್ ನಂಟೇ ಇಲ್ಲ. ಆದರೆ 96 ಕಿಲೋಹರ್ಟ್ಸ್ ಮೀರಿದರೆ ಹಲವು ಉಪಕರಣಗಳಲ್ಲಿ ನಂಬಿಕೆಯಿಲ್ಲ, ಕೇಬಲನ್ನು ಚೂಪಾಗಿ ಮಡಚಲೂ ಬಾರದು. ಅವೇ ಅಂಕಿಗಳನ್ನು ಲೋಹದ ತಂತಿಯಲ್ಲಿ ಒಯ್ಯುವ ಕೋಆಕ್ಸಿಯಲ್‌ಗೆ 75 ಓಮ್ ಕೇಬಲ್ ಬೇಕು. ಕಾರವಾರದಂಥ ಕಡಲಂಚಿನ ಮನೆಗಳಲ್ಲಿ ಉಪ್ಪುಗಾಳಿಗೆ ಅದರ ಪ್ಲಗ್ಗಿನ ಲೋಹ ಕಿಲುಬು ಹಿಡಿಯುತ್ತದೆ, ಆಗಾಗ ಕಿತ್ತು ಒಣಬಟ್ಟೆಯಲ್ಲಿ ಒರೆಸಿ. ಎಚ್‌ಡಿಎಂಐ ಬೇಕಾಗುವುದು ಟಿವಿಯೂ ಜೊತೆಗಿದ್ದರೆ ಮಾತ್ರ.

ಬ್ಲೂಟೂತ್‌ನಲ್ಲಿ ಸಿಡಿಯ ಎರಡು ಚಾನೆಲ್ ಸೇರಿ ಸೆಕೆಂಡಿಗೆ ಬರುವ 1,411 ಕಿಲೋಬಿಟ್ ಹಿಡಿಯುವುದಿಲ್ಲ. ಬ್ಲೂಟೂತ್‌ಗಾಗಿ ಸಂಗೀತವನ್ನು ಕುಗ್ಗಿಸುವ ಎಲ್‌ಡಿಎಸಿ ವಿಧಾನ ಕೂಡ ಕಳಿಸುವುದು ಹೆಚ್ಚೆಂದರೆ 990. ಅಡುಗೆ ಮಾಡುತ್ತ ಯಕ್ಷಗಾನದ ಪದ ಕೇಳಲು ಧಾರಾಳ ಸಾಕು, ಸ್ವರಸ್ಥಾನ ಕಲಿಯಲು ತಂತಿಯೇ ಇರಲಿ.

ಕೊನೆಗೆ ವಿಂಡೋಸಿನ ಸೌಂಡ್ ಸೆಟ್ಟಿಂಗ್ ತೆರೆದು ನೋಡಿ. ಅಲ್ಲಿ 48 ಕಿಲೋಹರ್ಟ್ಸ್ ಅಂತಿದ್ದರೆ ಸಿಡಿಯಿಂದ ತೆಗೆದ ಪ್ರತಿ ಹಾಡೂ ದಾರಿಯಲ್ಲೇ ಮರುಲೆಕ್ಕಕ್ಕೆ ಒಳಗಾಗುತ್ತದೆ. 44.1ಕ್ಕೆ ಬದಲಿಸಿ, ಇಲ್ಲವೇ ಪ್ಲೇಯರಿನಲ್ಲಿ ಎಕ್ಸ್‌ಕ್ಲೂಸಿವ್ ಮೋಡ್ ಹಾಕಿ; ಆಗ ಹಾಡು ವಿಂಡೋಸಿನ ಮರುಲೆಕ್ಕ ದಾಟಿ ನೇರ ಡ್ಯಾಕ್‌ಗೆ ಹೋಗುತ್ತದೆ.