ಎರಡು ಕಚೇರಿಗಳ ನೆಟ್‌ವರ್ಕ್ ಕೂಡಿಸುವ ಮೊದಲು

ಎರಡು ಕಚೇರಿಗಳ ನಡುವೆ ವಿಪಿಎನ್ ಟನಲ್ (ಇಂಟರ್‌ನೆಟ್ ಮೂಲಕ ಹಾಯುವ ಗುಪ್ತ ಖಾಸಗಿ ದಾರಿ) ಹಾಕುವುದು ಈಗ ದೊಡ್ಡ ಕೆಲಸವೇನಲ್ಲ. ಎರಡೂ ಕಡೆ ಗುಪ್ತ ಕೀ ಹಾಕಿ, ಹೋಗಬೇಕಾದ ದಾರಿಯನ್ನು (ರೂಟ್) ಬರೆದು, ಆಚೆ ಕಡೆಯ ರೂಟರಿನಿಂದ ಪಿಂಗ್ ಎಂಬ ತಪಾಸಣೆಯ ಸಂದೇಶಕ್ಕೆ ಉತ್ತರ ಬಂದರೆ ಕೆಲಸ ಮುಗಿಯಿತು ಅನ್ನಿಸುತ್ತದೆ. ದೂರುಗಳು ಶುರುವಾಗುವುದು ಜನ ಬಂದು ಕೂತ ಮೇಲೆ. ಪ್ರಿಂಟರ್ ಪಟ್ಟಿಯಲ್ಲಿ ಕಾಣುವುದಿಲ್ಲ. ಸರ್ವರಿಗೆ ಲಾಗಿನ್ ಆಗುತ್ತದೆ, ಫೈಲ್ ಮಾತ್ರ ಬರುವುದಿಲ್ಲ. ಫೋನಿನಲ್ಲಿ ನಮ್ಮ ಮಾತು ಅವರಿಗೆ ಕೇಳುತ್ತದೆ, ಅವರದು ನಮಗೆ ಕೇಳುವುದಿಲ್ಲ. ಕೂಡಲೇ ಲೈನಿನ ವೇಗ ಹೆಚ್ಚಿಸುವ ಮಾತು ಬರುತ್ತದೆ. ಆದರೆ ಇವು ಸಾಮಾನ್ಯವಾಗಿ ವೇಗದ ಸಮಸ್ಯೆಗಳಲ್ಲ. ವಿಳಾಸ, ಪ್ಯಾಕೆಟ್‌ನ (ಕಳಿಸುವ ಮಾಹಿತಿಯ ಒಂದು ತುಂಡಿನ) ಗಾತ್ರ, ಫೈರ್‌ವಾಲ್ ನಿಯಮ, ಇವುಗಳನ್ನು ಮೊದಲೇ ನೋಡಿಕೊಳ್ಳದ ಫಲ.

ವಿಳಾಸದಿಂದಲೇ ಶುರು ಮಾಡಬೇಕು. ಇಂಟರ್‌ನೆಟ್‌ನ ತಾಂತ್ರಿಕ ದಾಖಲೆಯಾದ 1996ರ ಆರ್‌ಎಫ್‌ಸಿ 1918 ಖಾಸಗಿ ಬಳಕೆಗೆಂದು ಮೂರು ವಿಳಾಸ ಗುಂಪುಗಳನ್ನು ಬಿಟ್ಟುಕೊಟ್ಟಿದೆ: 10.0.0.0/8, 172.16.0.0/12, 192.168.0.0/16 (ಓರೆಗೆರೆಯ ನಂತರದ ಸಂಖ್ಯೆ ಚಿಕ್ಕದಾದಷ್ಟೂ ಗುಂಪು ದೊಡ್ಡದು). ಇಷ್ಟು ಜಾಗವಿದ್ದರೂ ಅನೇಕ ಸಣ್ಣ ರೂಟರುಗಳು ಪೆಟ್ಟಿಗೆಯಿಂದ ತೆಗೆದಾಗ 192.168.0 ಅಥವಾ 192.168.1ರಲ್ಲೇ ಇರುತ್ತವೆ. ಎರಡೂ ಕಚೇರಿಗಳು 192.168.1ರಲ್ಲಿದ್ದರೆ ಏನಾಗುತ್ತದೆ ನೋಡಿ. ಈ ಕಡೆಯ ಲ್ಯಾಪ್‌ಟಾಪ್‌ಗೆ ಆ ಕಡೆಯ 192.168.1.20 ಬೇಕು. ಅದು ತನ್ನದೇ ನೆಟ್‌ವರ್ಕಿನಲ್ಲಿದೆ ಎಂದುಕೊಂಡು ಎಆರ್‌ಪಿಯಲ್ಲಿ ‘ಇದು ಯಾರ ವಿಳಾಸ’ ಎಂದು ಅಕ್ಕಪಕ್ಕದಲ್ಲೇ ಕೂಗುತ್ತದೆ. ಪ್ಯಾಕೆಟ್ ರೂಟರಿಗೆ ಹೋಗುವುದೇ ಇಲ್ಲ, ಹಾಗಾಗಿ ರೂಟರಿನಲ್ಲಿ ಎಷ್ಟು ರೂಟ್ ಬರೆದರೂ ವ್ಯರ್ಥ. ಎನ್‌ಎಟಿ ಹಾಕಿ ಒಂದು ಕಡೆಯ ವಿಳಾಸಗಳನ್ನು ಬೇರೆಯಾಗಿ ತೋರಿಸಬಹುದು. ಆದರೆ ಇಂಟರ್‌ನೆಟ್ ಕರೆ ಜೋಡಿಸುವ ಎಸ್‌ಐಪಿ ಸಂದೇಶ ತನ್ನ ಒಳಗೂ ವಿಳಾಸ ಹೊತ್ತಿರುತ್ತದೆ, ಅಲ್ಲಿ ಗೋಜಲು ಶುರು. ನನ್ನ ಅಭಿಪ್ರಾಯದಲ್ಲಿ ಒಂದು ಕಚೇರಿಯ ವಿಳಾಸಗಳನ್ನು ಬದಲಿಸುವುದೇ ಸರಿ, ಎಷ್ಟು ಕಿರಿಕಿರಿಯಾದರೂ.

ಹೊಸ ವಿಳಾಸಕ್ಕೆ ಒಂದು ಕ್ರಮ ಇರಲಿ. ಚುಕ್ಕೆಗಳಿಂದ ಬೇರ್ಪಟ್ಟ ಸಂಖ್ಯೆಗಳಲ್ಲಿ ಎರಡನೆಯದು ಕಚೇರಿ, ಮೂರನೆಯದು ಬಳಕೆ. ಮೊದಲ ಕಚೇರಿಯಲ್ಲಿ 10.21.10 ಸಿಬ್ಬಂದಿಗೆ, 10.21.20 ಫೋನುಗಳಿಗೆ, 10.21.30 ಪ್ರಿಂಟರುಗಳಿಗೆ, 10.21.90 ಅತಿಥಿಗಳಿಗೆ. ಎರಡನೇ ಕಚೇರಿಯಲ್ಲಿ ಅದೇ ಕ್ರಮ, 10.22ರಿಂದ. ವಿಎಲ್ಎಎನ್ (ಒಂದೇ ಸ್ವಿಚ್ಚಿನೊಳಗೆ ಬೇರ್ಪಡಿಸಿದ ನೆಟ್‌ವರ್ಕ್) ಸಂಖ್ಯೆಯೂ 10, 20, 30, 90 ಆಗಿರಲಿ. ಲಾಗ್‌ನಲ್ಲಿ ಒಂದು ವಿಳಾಸ ಕಂಡರೆ ಸಾಕು, ಅದು ಎಲ್ಲಿಯ ಯಾವ ಬಗೆಯ ಸಾಧನವೆಂದು ತಿಳಿಯುತ್ತದೆ. ಪ್ರತಿ ಕಚೇರಿಗೆ ಟನಲ್‌ನಲ್ಲಿ ಒಂದೇ ಒಂದು /16 ರೂಟ್ ಸಾಕು. ಮನೆಯಿಂದ ಕೆಲಸ ಮಾಡುವವರ ರೂಟರಿನ ಜೊತೆಗೂ ಡಿಕ್ಕಿಯ ಸಾಧ್ಯತೆ ಕಡಿಮೆ.

ಬದಲಿಸುವ ದಿನಕ್ಕಿಂತ ಮುಂಚೆ ಸಾಧನಗಳಿಗೆ ತಾನಾಗಿ ವಿಳಾಸ ಹಂಚುವ ಡಿಎಚ್‌ಸಿಪಿಯ ಲೀಸ್ ಅವಧಿಯನ್ನು, ಅಂದರೆ ಒಂದು ವಿಳಾಸ ಸಾಧನದ ಬಳಿ ಇರುವ ಅವಧಿಯನ್ನು, 30 ನಿಮಿಷಕ್ಕೆ ಇಳಿಸಿ. ಹಿಂದಿನ ರಾತ್ರಿ ಇಳಿಸಿದರೆ ಸಾಲದು. ಸಾಧನ ಲೀಸ್ ನವೀಕರಿಸಲು ಕೇಳುವುದು ಅರ್ಧ ಅವಧಿ ಕಳೆದ ಮೇಲೆ. ಲೀಸ್ 8 ದಿನದ್ದಾದರೆ ಹೊಸ ಅವಧಿ ಎಲ್ಲರಿಗೂ ಮುಟ್ಟಲು 4 ದಿನ ಹಿಡಿಯಬಹುದು. ಡಿಎಚ್‌ಸಿಪಿ ಪಟ್ಟಿಯಲ್ಲಿ ಇಲ್ಲದವೇ ನಿಜವಾದ ತಲೆನೋವು: ಯಾರೋ ಕೈಯಿಂದ ವಿಳಾಸ ಹಾಕಿಟ್ಟ ಪ್ರಿಂಟರ್, ಕ್ಯಾಮೆರಾ, ಹಾಜರಾತಿ ಯಂತ್ರ. ರೂಟರಿನ ಎಆರ್‌ಪಿ ಪಟ್ಟಿ ಮತ್ತು ಸ್ವಿಚ್‌ನ ಮ್ಯಾಕ್ (ಸಾಧನದ ಹಾರ್ಡ್‌ವೇರ್ ವಿಳಾಸ) ಪಟ್ಟಿಯನ್ನು ಡಿಎಚ್‌ಸಿಪಿ ಪಟ್ಟಿಯೊಡನೆ ತಾಳೆ ನೋಡಿದರೆ ಅವು ಸಿಗುತ್ತವೆ.

ಮ್ಯಾಕ್ ವಿಳಾಸವನ್ನು ಸಾಧನದ ಗುರುತಾಗಿ ನಂಬುವ ಕಾಲ ಹೋಯಿತು. ಆಂಡ್ರಾಯ್ಡ್ 10 ಮತ್ತು ಐಒಎಸ್ 14ರಿಂದ ಫೋನುಗಳು ಪ್ರತಿ ವೈ-ಫೈಗೂ ಬೇರೆ ಬೇರೆ ನಕಲಿ ಮ್ಯಾಕ್ ತೋರಿಸುತ್ತವೆ. ಮ್ಯಾಕ್‌ನ ಎರಡನೇ ಅಕ್ಷರ 2, 6, ಎ ಅಥವಾ ಇ ಆಗಿದ್ದರೆ ಅದು ತಯಾರಕರು ಕೊಟ್ಟದ್ದಲ್ಲ. ಸಿಬ್ಬಂದಿಯ ನೆಟ್‌ವರ್ಕಿಗೆ 802.1ಎಕ್ಸ್ (ಗುರುತು ಪರೀಕ್ಷಿಸಿ ಒಳಬಿಡುವ ವಿಧಾನ) ಹಾಕಿ, ಪ್ರತಿ ಸಾಧನಕ್ಕೆ ಎಂಡಿಎಂ (ಸಾಧನಗಳನ್ನು ದೂರದಿಂದ ನಿರ್ವಹಿಸುವ ವ್ಯವಸ್ಥೆ) ಮೂಲಕ ಡಿಜಿಟಲ್ ಪ್ರಮಾಣಪತ್ರ ಕೊಡಿ. ಇಲ್ಲೊಂದು ತೊಡಕು ಇದೆ. ಬಹಳ ದಿನ ಮುಚ್ಚಿಟ್ಟಿದ್ದ ಲ್ಯಾಪ್‌ಟಾಪ್ ತೆರೆದಾಗ ಪ್ರಮಾಣಪತ್ರದ ಅವಧಿ ಮುಗಿದಿರುತ್ತದೆ. ನವೀಕರಿಸಲು ನೆಟ್‌ವರ್ಕ್ ಬೇಕು, ನೆಟ್‌ವರ್ಕಿಗೆ ಪ್ರಮಾಣಪತ್ರ ಬೇಕು. ಎಂಡಿಎಂ ಸರ್ವರನ್ನು ಮಾತ್ರ ಮುಟ್ಟಬಲ್ಲ ಒಂದು ಸಣ್ಣ ವಿಎಲ್ಎಎನ್ ಇದಕ್ಕೆಂದೇ ಇರಲಿ. ಅತಿಥಿ ವೈ-ಫೈಯಲ್ಲಿ ಲೀಸ್ ಕೆಲವು ಗಂಟೆಗಳದ್ದಾಗಿರಲಿ. /24ರಲ್ಲಿ ಸಿಗುವುದು 254 ವಿಳಾಸ, ಬಂದುಹೋದ ಫೋನುಗಳೇ ಅವನ್ನು ಹಿಡಿದಿಟ್ಟುಕೊಂಡಿರುತ್ತವೆ.

ಇನ್ನು ಲಾಗಿನ್ ಆದರೂ ಫೈಲ್ ಬಾರದ ದೂರು. ಈಥರ್‌ನೆಟ್‌ನಲ್ಲಿ ಒಂದು ಪ್ಯಾಕೆಟ್ 1500 ಬೈಟ್‌ವರೆಗೆ ಇರಬಹುದು. ಟನಲ್ ತನ್ನ ಹೊದಿಕೆ ಸೇರಿಸುತ್ತದೆ. ವೈರ್‌ಗಾರ್ಡ್ ಎಂಬ ವಿಪಿಎನ್‌ನಲ್ಲಿ ಅದು ಐಪಿವಿ4 ಮೇಲೆ 60, ಐಪಿವಿ6 ಮೇಲೆ 80 ಬೈಟ್, ಆದ್ದರಿಂದ ಒಳಗೆ 1420 ಇಟ್ಟುಕೊಳ್ಳುವುದು ವಾಡಿಕೆ. ಪಿಂಗ್, ಲಾಗಿನ್ ಮುಂತಾದ ಸಣ್ಣ ಪ್ಯಾಕೆಟ್‌ಗಳು ದಾಟುತ್ತವೆ, ಫೈಲಿನ ತುಂಬಿದ ಪ್ಯಾಕೆಟ್ ದಾಟುವುದಿಲ್ಲ. ‘ಇದು ದೊಡ್ಡದಾಯಿತು, ಚಿಕ್ಕದಾಗಿ ಕಳಿಸು’ ಎಂದು ರೂಟರ್ ಐಸಿಎಂಪಿ ಸಂದೇಶ ಕಳಿಸಬೇಕು. ಸುರಕ್ಷತೆಯ ಹೆಸರಿನಲ್ಲಿ ಯಾರೋ ಐಸಿಎಂಪಿಯನ್ನೇ ಪೂರ್ತಿ ಮುಚ್ಚಿದ್ದರೆ ಕಳಿಸಿದವನಿಗೆ ಅದು ತಿಳಿಯುವುದೇ ಇಲ್ಲ. ದಯವಿಟ್ಟು ಹಾಗೆ ಮುಚ್ಚಬೇಡಿ.

ಪರೀಕ್ಷಿಸುವುದು ಸುಲಭ. ‘ಒಡೆಯಬೇಡ’ ಆಯ್ಕೆ ಹಾಕಿ 1472 ಬೈಟ್‌ನ ಪಿಂಗ್ ಕಳಿಸಿ (ಮುಂದೆ ಅಂಟುವ ವಿಳಾಸ ಮುಂತಾದ ವಿವರ, ಅಂದರೆ 28 ಬೈಟ್ ಹೆಡರ್ ಸೇರಿ 1500). ಸೋತರೆ ಇಳಿಸುತ್ತ ಬನ್ನಿ. 1392 ದಾಟಿ 1393 ನಿಂತರೆ ನಿಮ್ಮ ಮಿತಿ 1420. ಅದರಲ್ಲಿ ಐಪಿ ಮತ್ತು ಟಿಸಿಪಿ ಹೆಡರುಗಳ 40 ಕಳೆದು, ಎರಡೂ ರೂಟರುಗಳಲ್ಲಿ ಟಿಸಿಪಿಯ ಎಂಎಸ್‌ಎಸ್ (ಒಂದು ಪ್ಯಾಕೆಟ್ ಹೊರಬಹುದಾದ ಮಾಹಿತಿಯ ಮಿತಿ) ಅನ್ನು 1380ಕ್ಕೆ ಕಟ್ಟಿಹಾಕಿ.

ಒಂದೇ ಕಡೆ ಕೇಳುವ ಕರೆಗೆ ಕಾರಣ ಬೇರೆ. ಕರೆ ಜೋಡಿಸುವ ಸಂದೇಶ ಸಾಮಾನ್ಯವಾಗಿ 5060 ಪೋರ್ಟಿನಲ್ಲಿ ಹೋಗುತ್ತದೆ, ಧ್ವನಿ ಬೇರೆ ಯುಡಿಪಿ ಪೋರ್ಟುಗಳಲ್ಲಿ. ಮೊದಲನೆಯದಕ್ಕೆ ಬಾಗಿಲು ತೆರೆದು ಎರಡನೆಯದನ್ನು ಮರೆತಿದ್ದರೆ ಗಂಟೆ ಬಾರಿಸುತ್ತದೆ, ಮಾತು ಬರುವುದಿಲ್ಲ. ಫೋನ್ ವ್ಯವಸ್ಥೆಯಲ್ಲಿ ಬರೆದಿರುವ ಧ್ವನಿ ಪೋರ್ಟುಗಳ ವ್ಯಾಪ್ತಿಯನ್ನೇ ಫೈರ್‌ವಾಲ್‌ನಲ್ಲಿ ತೆರೆಯಿರಿ. ಟನಲ್‌ಗೆ ಹೋಗುವ ಪ್ಯಾಕೆಟ್‌ಗಳಿಗೆ ಎನ್‌ಎಟಿ ತಾಗದಂತೆ ನೋಡಿಕೊಳ್ಳಿ. ಕರೆ ಸಂದೇಶದ ಒಳಗಿನ ವಿಳಾಸ ತಿದ್ದುವ ರೂಟರಿನ ಎಸ್‌ಐಪಿ ಎಎಲ್‌ಜಿ ಸೌಲಭ್ಯವನ್ನು ನಿಲ್ಲಿಸಿಬಿಡಿ, ಸಹಾಯಕ್ಕಿಂತ ಅದರಿಂದ ತೊಂದರೆಯೇ ಹೆಚ್ಚು.

ಲೆಕ್ಕವೂ ಗೊತ್ತಿರಲಿ. ಜಿ.711 ಎಂಬ ಧ್ವನಿ ವಿಧಾನದ ಕರೆ 20 ಮಿಲಿಸೆಕೆಂಡಿಗೊಂದು ಪ್ಯಾಕೆಟ್ ಕಳಿಸುತ್ತದೆ: 160 ಬೈಟ್ ಧ್ವನಿ, 40 ಬೈಟ್ ಹೆಡರ್. ಅದು 80 ಕೆಬಿಪಿಎಸ್, ಟನಲ್ ಹೊದಿಕೆ ಸೇರಿ ಸುಮಾರು 105. 20 ಕರೆಗಳಿಗೆ ಪ್ರತಿ ದಿಕ್ಕಿನಲ್ಲೂ 2 ಎಂಬಿಪಿಎಸ್‌ಗಿಂತ ಸ್ವಲ್ಪ ಹೆಚ್ಚು, ಅಷ್ಟೇ. ಧ್ವನಿ ಹಾಳಾಗುವುದು ಯಾರೋ ದೊಡ್ಡ ಫೈಲ್ ಕಳಿಸುವಾಗ ಪ್ಯಾಕೆಟ್‌ಗಳು ಸಾಲಿನಲ್ಲಿ ಕಾಯುವುದರಿಂದ. ಹೊರಹೋಗುವ ವೇಗವನ್ನು ಲೈನಿನ ನಿಜವಾದ ವೇಗದ 90ರಿಂದ 95 ಶೇಕಡಕ್ಕೆ ಕಟ್ಟಿ, ಧ್ವನಿಗೆ ಆದ್ಯತೆ ಸೂಚಿಸುವ ಡಿಎಸ್‌ಸಿಪಿ 46 ಗುರುತು ಹಾಕಿ ಮೊದಲ ಸಾಲು ಕೊಡಿ. ಟನಲ್ ಆ ಗುರುತನ್ನು ಹೊರಗಿನ ಹೆಡರಿಗೆ ನಕಲಿಸುತ್ತದೋ ಇಲ್ಲವೋ ನೋಡಿ, ಕೆಲವು ನಕಲಿಸುವುದಿಲ್ಲ.

ಪ್ರಿಂಟರಿನ ವಿಷಯ ಚಿಕ್ಕದು. ತಾನಾಗಿ ಕಾಣಿಸಿಕೊಳ್ಳುವ ಎಂಡಿಎನ್‌ಎಸ್ ಸಂದೇಶ ರೂಟರ್ ದಾಟುವುದಿಲ್ಲ. ಅದಕ್ಕಾಗಿ ಎರಡು ಕಚೇರಿಗಳನ್ನು ಒಂದೇ ನೆಟ್‌ವರ್ಕ್ ಮಾಡಲು ಹೋಗಬೇಡಿ, ಡಿಎನ್‌ಎಸ್‌ನಲ್ಲಿ ಹೆಸರು ಕೊಟ್ಟು ಪ್ರಿಂಟ್ ಸರ್ವರಿನಿಂದ ಹಂಚಿ.

ಪರೀಕ್ಷೆಯನ್ನು ರೂಟರಿನಿಂದಲ್ಲ, ಬಳಕೆದಾರರ ಸಾಧನದಿಂದ ಮಾಡಿ, ಒಂದೊಂದು ವಿಎಲ್ಎಎನ್‌ನಿಂದಲೂ. ಅತಿಥಿ ವೈ-ಫೈಯಿಂದ ಆಚೆ ಕಚೇರಿಯ ಪ್ರಿಂಟರಿಗೆ ಪಿಂಗ್ ಹೋಗಬಾರದು. ಹೋದರೆ, 10.21ರ /16 ಪೂರ್ತಿಗೆ ಅನುಮತಿ ಕೊಟ್ಟ ನಿಯಮ ಫೈರ್‌ವಾಲ್‌ನಲ್ಲಿ ಎಲ್ಲೋ ಇದೆ. ರೂಟ್ /16 ಇರಲಿ, ಅನುಮತಿಯನ್ನು ಮಾತ್ರ ವಿಎಲ್ಎಎನ್ ಲೆಕ್ಕದಲ್ಲೇ ಬರೆಯಿರಿ.