ಎಂಟು ಕೋರಿಗೆ 64 ಥ್ರೆಡ್ ಬಂದಿದ್ದು ಎಲ್ಲಿಂದ?

ಕೋಲಾರದಲ್ಲಿ ಓದುತ್ತಿದ್ದಾಗಿನ ಮಾತು. ಲ್ಯಾಬಿನ ಕಂಪ್ಯೂಟರಿನಲ್ಲಿ ಎಂಟು ಕೋರ್, ಅಂದರೆ ಲೆಕ್ಕ ಮಾಡುವ ಎಂಟು ಘಟಕ ಇದ್ದವು. ಅದರಲ್ಲಿ ಎಂಪಿಐ (ಬೇರೆ ಬೇರೆ ಓಡುವ ಪ್ರೋಗ್ರಾಂಗಳು ಒಂದಕ್ಕೊಂದು ಮೆಸೇಜ್ ಕಳಿಸಿಕೊಳ್ಳುವ ವ್ಯವಸ್ಥೆ) ಬಳಸಿ ಎಂಟು ಪ್ರೋಸೆಸ್, ಅಂದರೆ ಸ್ವಂತ ಮೆಮೊರಿ ಇರುವ ಎಂಟು ಪ್ರತಿ ಓಡಿಸಿದ್ದೆ. ಇನ್ನೂ ಜಾಸ್ತಿ ವೇಗ ಬರಲಿ ಅಂತ ಒಳಗಿನ ಲೂಪಿಗೆ ಓಪನ್‌ಎಂಪಿಯನ್ನೂ ಹಾಕಿದೆ. ಅದು ಲೂಪಿನ ಕೆಲಸವನ್ನು ಥ್ರೆಡ್ಡುಗಳಿಗೆ, ಅಂದರೆ ಒಂದೇ ಮೆಮೊರಿ ಹಂಚಿಕೊಂಡು ಒಟ್ಟಿಗೆ ಓಡುವ ಎಳೆಗಳಿಗೆ ಹಂಚುತ್ತದೆ. ಪ್ರೋಗ್ರಾಂ ಮೊದಲಿಗಿಂತ ನಿಧಾನವಾಯಿತು! ನೋಡಿದರೆ ಒಂದೊಂದು ಪ್ರೋಸೆಸ್ಸೂ ಎಂಟು ಕೋರೂ ತನ್ನದೇ ಅಂದುಕೊಂಡು ಎಂಟೆಂಟು ಥ್ರೆಡ್ ತೆರೆದು ಕೂತಿತ್ತು. ಒಟ್ಟು 64. ಎಷ್ಟು ಥ್ರೆಡ್ ತೆರೆಯಬೇಕು ಅಂತ ಹೇಳುವ ಓಎಂಪಿ_ನಮ್_ಥ್ರೆಡ್ಸ್ ಅನ್ನು 1 ಮಾಡಿದ ಮೇಲೆ ಸರಿಹೋಯಿತು.

ಎಂಪಿಐ, ಓಪನ್‌ಎಂಪಿ ಎರಡೂ ಒಂದರ ಮುಖ ಒಂದು ನೋಡದೆ ಬೆಳೆದವು, ಅದೇ ತೊಂದರೆ. ನಮ್ಮ ಟೊಮೆಟೊ ಮಂಡಿಯನ್ನೇ ತಗೊಳ್ಳಿ. ನಾಲ್ವರು ಗುಮಾಸ್ತರು ಒಂದೇ ಪುಸ್ತಕದಲ್ಲಿ ಬಾಕ್ಸ್ ಲೆಕ್ಕ ಬರೆದರೆ ಅದು ಥ್ರೆಡ್. ಇಬ್ಬರು ಒಟ್ಟಿಗೇ 120 ಅಂತ ಓದಿ, ಇಬ್ಬರೂ ಒಂದು ಕೂಡಿಸಿ 121 ಅಂತ ಬರೆದರೆ ಒಂದು ಬಾಕ್ಸ್ ಮಂಗಮಾಯ. ಅದಕ್ಕೇ ಲಾಕ್ ಬೇಕು, ಒಬ್ಬರು ಬರೆಯುವಾಗ ಇನ್ನೊಬ್ಬರು ಪುಸ್ತಕ ಮುಟ್ಟದ ಹಾಗೆ. ಕೋಲಾರದವರು ಚಿಂತಾಮಣಿ ಮಂಡಿಗೆ ಫೋನ್ ಮಾಡಿ ಲೆಕ್ಕ ಕೇಳಿದರೆ ಅದು ಮೆಸೇಜ್. ಪುಸ್ತಕ ಬೇರೆ ಬೇರೆ, ಕಿತ್ತಾಟ ಇಲ್ಲ, ಆದರೆ ಆ ಕಡೆಯವರು ಫೋನ್ ಎತ್ತೋವರೆಗೆ ಕಾಯಬೇಕು.

1980ರ ದಶಕದಲ್ಲಿ ಮೆಸೇಜ್ ಲೈಬ್ರರಿ ಕಂಪನಿಗೊಂದು ಇತ್ತು. ಮಷಿನ್ ಬದಲಾದರೆ ಪ್ರೋಗ್ರಾಂ ಮತ್ತೆ ಬರೆಯಬೇಕು. ಅಮೆರಿಕದ ಓಕ್ ರಿಡ್ಜ್ ಪ್ರಯೋಗಾಲಯದಲ್ಲಿ 1989ರಲ್ಲಿ ಪಿವಿಎಂ ಶುರುವಾಯಿತು, ತರಹೇವಾರಿ ಕಂಪ್ಯೂಟರುಗಳನ್ನು ಒಂದು ಮಾಡಿ ದುಡಿಸೋಕೆ. ನಮ್ಮ ಸರ್ಕಾರಿ ಸಂಸ್ಥೆ ಸಿ-ಡಾಕ್‌ನ ಸೂಪರ್‌ಕಂಪ್ಯೂಟರ್ ಪರಮ್ 8000 ಬಂದಿದ್ದು 1991ರಲ್ಲಿ, ಅದರ ಟ್ರಾನ್ಸ್‌ಪ್ಯೂಟರ್ ಚಿಪ್ಪುಗಳೂ ಮೆಸೇಜ್ ಕಳಿಸಿಕೊಂಡೇ ಕೆಲಸ ಮಾಡುತ್ತಿದ್ದವು. 1992ರಲ್ಲಿ ಕಂಪನಿಯವರು, ವಿಜ್ಞಾನಿಗಳು ವಿಲಿಯಮ್ಸ್‌ಬರ್ಗ್‌ನಲ್ಲಿ ಕೂತು ಮಾತು ಶುರು ಮಾಡಿದರು, 1994ಕ್ಕೆ ಎಂಪಿಐ ನಿಯಮಗಳು ಹೊರಬಂದವು. ನಿಯಮ ಬರೀ ಕಾಗದ ಅಲ್ವಾ? ಆದರೆ ಆರ್ಗಾನ್ ಪ್ರಯೋಗಾಲಯದವರು ಅದು ಸಿದ್ಧವಾಗುತ್ತಿದ್ದಾಗಲೇ ಆ ನಿಯಮದಂತೆ ನಡೆಯುವ ಲೈಬ್ರರಿ ಎಂಪಿಐಸಿಎಚ್ ಅನ್ನೂ ಬರೆಯುತ್ತಾ ಬಂದರು. ಎಂಪಿಐ ಬೇಗ ಹಬ್ಬಿದ್ದು ಅದರಿಂದಲೇ ಅಂತ ನನ್ನ ಲೆಕ್ಕ.

ಥ್ರೆಡ್ಡಿನದು ಬೇರೆಯೇ ದಾರಿ. ಥ್ರೆಡ್ ಬಳಕೆಯ ನಿಯಮವಾದ ಪೋಸಿಕ್ಸ್ ಥ್ರೆಡ್ಸ್ 1995ರದು. ಹುಟ್ಟಿಸೋದು, ಕಾಯೋದು, ಲಾಕ್ ಹಾಕೋದು ಎಲ್ಲಾ ನಾವೇ. ಓಪನ್‌ಎಂಪಿ 1997ರಲ್ಲಿ ಫೋರ್ಟ್ರಾನಿಗೆ, ಮರುವರ್ಷ ಸಿ ಭಾಷೆಗೆ ಬಂತು. ಲೂಪಿನ ಮೇಲೆ ಒಂದು ಸಾಲು ಬರೆದರೆ ಮುಗಿಯಿತು. ಆಗ ಮನೆ ಕಂಪ್ಯೂಟರಿಗೆ ಇದ್ಯಾವುದೂ ಬೇಕಿರಲಿಲ್ಲ, ಚಿಪ್ಪಿನ ವೇಗ ತಾನಾಗೇ ಏರುತ್ತಿತ್ತು. 2005ರ ಹೊತ್ತಿಗೆ ಬಿಸಿ ತಡೆಯೋಕಾಗದೆ ಆ ಏರಿಕೆ ನಿಂತಿತು, ಕಂಪನಿಗಳು ಕೋರುಗಳನ್ನು ಹೆಚ್ಚಿಸುತ್ತಾ ಹೋದವು. ಕ್ಲಸ್ಟರಿನ, ಅಂದರೆ ಒಟ್ಟಿಗೆ ಜೋಡಿಸಿದ ಕಂಪ್ಯೂಟರುಗಳ ಗುಂಪಿನ, ಒಂದೊಂದು ಡಬ್ಬದಲ್ಲೂ ಒಂದೊಂದು ಮಂಡಿ! ಹೊರಗೆ ಎಂಪಿಐ, ಒಳಗೆ ಓಪನ್‌ಎಂಪಿ ಅನ್ನೋ ಕಲಬೆರಕೆ ಮಾಮೂಲಾಯಿತು.

ಯಾವ ಥ್ರೆಡ್ ಮೆಸೇಜ್ ಕಳಿಸಬಹುದು ಅನ್ನೋದಕ್ಕೆ 1997ರ ಎಂಪಿಐ-2 ನಾಲ್ಕು ಹಂತ ಇಟ್ಟಿತ್ತು. ಕೊನೆಯದಾದ ಮಲ್ಟಿಪಲ್‌ನಲ್ಲಿ ಯಾವ ಥ್ರೆಡ್ ಬೇಕಾದರೂ ಮೆಸೇಜ್ ಕಳಿಸಬಹುದು, ಆದರೆ ಅಷ್ಟಕ್ಕೇ ಲೈಬ್ರರಿ ಒಳಗೊಳಗೇ ಲಾಕ್ ಹಾಕಿಕೊಂಡು ಕುಂಟಬಹುದು. ನಾನು ಸುಮ್ನೆ ಫನಲ್ಡ್ ಅನ್ನೋ ಹಂತ ಕೇಳುತ್ತೇನೆ, ಫೋನ್ ಮುಖ್ಯ ಥ್ರೆಡ್ಡಿನ ಕೈಯಲ್ಲಿ ಮಾತ್ರ. ಯಾರಿಗೆ ಎಷ್ಟು ಕೋರ್ ಅನ್ನೋದನ್ನು ಮಾತ್ರ ಈಗಲೂ ಕೈಯಲ್ಲೇ ಎಣಿಸಿ ಸ್ಕ್ರಿಪ್ಟಿನಲ್ಲಿ ಬರೆಯುತ್ತೇನೆ.