ಬಿಷಪ್ಪರ ಮಾತು, ಸಭೆಯ ದುಡ್ಡು, ಸರ್ಕಾರದ ಕಾನೂನು

ಪಶ್ಚಿಮ ಸಿಡ್ನಿಯಲ್ಲಿ ಕುಟುಂಬ ಕಾನೂನಿನ ವಕೀಲಿಕೆ ಮಾಡುವ ನನ್ನ ಹತ್ತಿರ ಮಂಗಳೂರು, ಹಾಸನ, ಬೆಂಗಳೂರಿನಿಂದ ಬಂದು ನೆಲೆಸಿದ ಕ್ರೈಸ್ತ ಕುಟುಂಬಗಳೂ ಬರುತ್ತವೆ. ಸಲಿಂಗ ವಿವಾಹದ ಮಾತು ಬಂದರೆ ಎರಡು ಬಗೆಯ ಪ್ರಶ್ನೆ ಏಳುತ್ತದೆ. ಒಬ್ಬರು ಕೇಳುತ್ತಾರೆ, "ಸರ್, ಕಾನೂನು ಒಪ್ಪಿದೆಯಲ್ಲ, ಪಾಸ್ಟರ್ ಆಗಲ್ಲ ಅನ್ನೋಕೆ ಬರುತ್ತಾ?" ಇನ್ನೊಬ್ಬರದ್ದು ಇದರ ಉಲ್ಟಾ: "ನಮ್ಮ ಪಾಸ್ಟರ್ ಆಗಲ್ಲ ಅಂದರೆ ಅವರ ಮೇಲೆ ಕೇಸ್ ಹಾಕ್ತಾರಾ?"

ಇಬ್ಬರಿಗೂ ಉತ್ತರ ಒಂದೇ ಕಡೆ ಇದೆ. ಆಸ್ಟ್ರೇಲಿಯಾದ 1961ರ ವಿವಾಹ ಕಾಯ್ದೆಯ 47ನೇ ಸೆಕ್ಷನ್. ಯಾವ ಮದುವೆಯನ್ನೇ ಆಗಲಿ, ಮಾಡಿಸಲೇಬೇಕು ಎಂದು ಧರ್ಮಗುರುವನ್ನು ಕಟ್ಟಿಹಾಕುವಂತಿಲ್ಲ ಎಂದು ಅದು ಮೊದಲಿನಿಂದಲೂ ಹೇಳುತ್ತಿತ್ತು. 2017ರ ಡಿಸೆಂಬರ್ 9ರಂದು ಸಲಿಂಗ ವಿವಾಹ ಜಾರಿಗೆ ಬಂದಾಗ ಆ ರಕ್ಷಣೆಯನ್ನು ಇನ್ನಷ್ಟು ಬಿಡಿಸಿ ಬರೆದರು. ಚರ್ಚಿನ ಬೋಧನೆಗೆ ಒಪ್ಪುವುದಿಲ್ಲ, ಸಭೆಯವರ, ಅಂದರೆ ಆ ಚರ್ಚಿಗೆ ಸೇರಿದವರ, ಮನಸ್ಸಿಗೆ ನೋವಾಗುತ್ತದೆ, ಇಲ್ಲವೇ ತನ್ನ ನಂಬಿಕೆಗೆ ಒಗ್ಗುವುದಿಲ್ಲ ಎಂದು ಪಾಸ್ಟರ್ ಬೇಡ ಅನ್ನಬಹುದು. ಕೇಸ್ ನಿಲ್ಲುವುದಿಲ್ಲ.

ಹಾಗಿದ್ದರೆ ಈ ಕಾನೂನಿನ ಬಗ್ಗೆ ಚರ್ಚುಗಳಲ್ಲಿ ಗಲಾಟೆ ಯಾಕಾಯಿತು? ಒಂದು ಕಾರಣ, ಇಲ್ಲಿ ಪಾಸ್ಟರ್ ತಲೆ ಮೇಲೆ ಎರಡು ಟೋಪಿ ಇರುವುದು. ಅವರು ಸಭೆಯ ಗುರು, ಜೊತೆಗೆ ಸರ್ಕಾರದ ಪರವಾಗಿ ಮದುವೆ ನಡೆಸುವ ಅಧಿಕೃತ ವ್ಯಕ್ತಿ. ಮದುವೆಗೆ ಕನಿಷ್ಠ ಒಂದು ತಿಂಗಳು ಮೊದಲು ಜೋಡಿಯಿಂದ ನೋಟಿಸ್ ಪಡೆಯುವವರು ಅವರೇ. ಮದುವೆಯಾದ 14 ದಿನದೊಳಗೆ ಕಾಗದಪತ್ರ ನೋಂದಣಿ ಕಚೇರಿಗೆ ತಲುಪಿಸುವವರೂ ಅವರೇ. ಆ ನೋಟಿಸ್ ಫಾರಂ ನೋಡಿದರೆ ಬದಲಾವಣೆ ಕಣ್ಣಿಗೆ ಕಾಣುತ್ತದೆ. ಈಗ ಅದರಲ್ಲಿ ಇರುವುದು 'ಪಾರ್ಟಿ 1', 'ಪಾರ್ಟಿ 2'. ಕೆಳಗೆ ವರ, ವಧು, ಸಂಗಾತಿ ಎಂಬ ಮೂರು ಚೌಕ, ಬೇಕಾದ್ದಕ್ಕೆ ಟಿಕ್ ಹಾಕಬೇಕು. ಜನ್ಮದಲ್ಲಿ ಸಲಿಂಗ ವಿವಾಹ ಮಾಡಿಸದ ಪಾಸ್ಟರ್ ಕೂಡ ಇದೇ ಫಾರಂ ತುಂಬಿಸುತ್ತಾರೆ. ಇದು ಕೆಲವರಿಗೆ ಇರಿಸುಮುರಿಸು, ನಾನು ನೋಡಿದ್ದೇನೆ.

ಇನ್ನೊಂದು ಸಣ್ಣ ವಿಷಯ. ಸಿವಿಲ್ ಮದುವೆ ಮಾಡಿಸುವವರು, ಮದುವೆ ಎಂದರೆ ಇಬ್ಬರು ವ್ಯಕ್ತಿಗಳು ಸ್ವಇಚ್ಛೆಯಿಂದ ಜೀವನಪೂರ್ತಿಗೆ ಒಂದಾಗುವುದು ಎಂಬ ಅರ್ಥದ ಕಾನೂನಿನ ಮಾತನ್ನು ಎಲ್ಲರೆದುರು ಹೇಳಲೇಬೇಕು. ಮಾನ್ಯತೆ ಪಡೆದ ಪಂಗಡಗಳ ಪಾದ್ರಿಗಳಿಗೆ ಆ ಕಟ್ಟುಪಾಡು ಇಲ್ಲ. ಅವರು ತಮ್ಮ ಪ್ರಾರ್ಥನಾ ಪುಸ್ತಕದ ಮಾತನ್ನೇ ಹೇಳಿ ಮುಗಿಸಬಹುದು. ಅಂದರೆ ಚರ್ಚಿನೊಳಗೆ ಕಾನೂನು ಕಾಲಿಟ್ಟಿದ್ದು ತುಂಬಾ ಕಮ್ಮಿ.

ಇನ್ನು ನಾಯಕರ ಜಗಳ. 2017ರಲ್ಲಿ ಸರ್ಕಾರ ದೇಶದ ಮತದಾರರಿಗೆಲ್ಲ ಅಂಚೆಯಲ್ಲಿ ಒಂದು ಪ್ರಶ್ನೆ ಕಳಿಸಿತು: ಸಲಿಂಗಿಗಳು ಮದುವೆಯಾಗುವಂತೆ ಕಾನೂನು ಬದಲಾಗಬೇಕೋ, ಬೇಡವೋ? ಅಕ್ಟೋಬರಿನಲ್ಲಿ, ಜನ ಇನ್ನೂ ಲಕೋಟೆ ವಾಪಸ್ ಕಳಿಸುತ್ತಿದ್ದಾಗ, ಸಿಡ್ನಿಯ ಆಂಗ್ಲಿಕನ್ (ಇಂಗ್ಲೆಂಡಿನ ಚರ್ಚಿನ ಪರಂಪರೆಯ) ಆರ್ಚ್‌ಬಿಷಪ್ ಗ್ಲೆನ್ ಡೇವಿಸ್ ತಮ್ಮ ಸಿನಾಡಿನಲ್ಲಿ, ಅಂದರೆ ಚರ್ಚಿನ ಆಡಳಿತ ಸಭೆಯಲ್ಲಿ, ಒಂದು ವಿಷಯ ತಿಳಿಸಿದರು. 'ಬೇಡ' ಪ್ರಚಾರಕ್ಕೆ ಡಯಾಸಿಸ್ (ಬಿಷಪ್ಪರ ಆಡಳಿತದ ಪ್ರಾಂತ್ಯ) 10 ಲಕ್ಷ ಡಾಲರ್ ಕೊಟ್ಟಿದೆ. ಮದುವೆಯ ಅರ್ಥ ಬದಲಾದರೆ ನಂಬಿಕೆಯ, ಮಾತಿನ ಸ್ವಾತಂತ್ರ್ಯಕ್ಕೂ ಪೆಟ್ಟು ಬೀಳುತ್ತದೆ ಎಂಬುದು ಅವರ ವಾದ.

ದುಡ್ಡು ಭಾನುವಾರದ ಕಾಣಿಕೆ ತಟ್ಟೆಯದ್ದಲ್ಲ, ಡಯಾಸಿಸ್ಸಿನ ದತ್ತಿ ನಿಧಿಯದ್ದು. ಆದರೂ ಬೆಂಕಿ ಹತ್ತಿತು. ಅದೇ ವರ್ಷ ಚರ್ಚುಗಳೊಳಗಿನ ಕೌಟುಂಬಿಕ ಹಿಂಸೆಯ ಬಗ್ಗೆ ದೊಡ್ಡ ಚರ್ಚೆ ನಡೆದಿತ್ತು. ಹೊಡೆತ ತಿಂದ ಹೆಣ್ಣುಮಕ್ಕಳಿಗೆ, ಬಡವರಿಗೆ ಈ ದುಡ್ಡು ಹೋಗಬಾರದಿತ್ತಾ ಎಂದು ಆಂಗ್ಲಿಕನ್ನರೇ ಕೇಳಿದರು. ನನಗೆ ಪರಿಚಯದ ಹಿರಿಯರೊಬ್ಬರು 'ಬೇಡ' ಎಂದೇ ಗುರುತು ಹಾಕಿದವರು. ಅವರಿಗೂ ಈ ವಿಷಯದಲ್ಲಿ ಸಿಟ್ಟು ಇಳಿದಿಲ್ಲ. "ನನ್ನ ಅಭಿಪ್ರಾಯ ನಾನು ಅಂಚೆಗೆ ಹಾಕ್ತೀನಿ. ನನ್ನ ಹೆಸರಲ್ಲಿ ಟಿವಿ ಜಾಹೀರಾತಿಗೆ ಯಾಕಪ್ಪಾ ದುಡ್ಡು ಕೊಡಬೇಕು?" ಇದು ಹೊರಗಿನವರಿಗೆ ಬೇಗ ಅರ್ಥವಾಗುವುದಿಲ್ಲ. ಕ್ರೈಸ್ತರು ಬೇಕು-ಬೇಡ ಎಂದು ಎರಡು ಪಾಲಾದರು ಅಂತ ಪತ್ರಿಕೆಗಳು ಬರೆದವು. ನಾನು ಕಂಡಂತೆ ಬಿರುಕು ಬೇರೆ ಕಡೆ ಇತ್ತು. ಚರ್ಚಿನ ಬೋಧನೆ ಏನು ಎಂಬುದು ಒಂದು ಪ್ರಶ್ನೆ. ಎಲ್ಲ ಧರ್ಮದವರಿಗೂ ಅನ್ವಯಿಸುವ ಕಾನೂನು ಹೇಗಿರಬೇಕು ಎಂಬುದು ಮತ್ತೊಂದು. ಸಭೆಯ ಹೆಸರಲ್ಲಿ ಯಾರು, ಎಷ್ಟು ದೂರ ಹೋಗಿ ಮಾತಾಡಬಹುದು ಎಂಬುದು ಮೂರನೆಯದು. ಮೊದಲನೆಯದರಲ್ಲಿ ಒಂದೇ ಮನಸ್ಸಿನವರು ಮೂರನೆಯದರಲ್ಲಿ ಕಿತ್ತಾಡಿದರು.

ಈ ಮೂರನ್ನು ಚೆನ್ನಾಗಿ ಬಿಡಿಸಿಟ್ಟವರು ಪಶ್ಚಿಮ ಸಿಡ್ನಿಯ ಪರಮಟ್ಟಾದ ಕ್ಯಾಥೊಲಿಕ್ ಬಿಷಪ್ ವಿನ್ಸೆಂಟ್ ಲಾಂಗ್. ವಿಯೆಟ್ನಾಮಿನಿಂದ ದೋಣಿಯಲ್ಲಿ ಬಂದ ನಿರಾಶ್ರಿತರು ಅವರು. ಜನ ಉತ್ತರಿಸುತ್ತಿರುವುದು ಸಿವಿಲ್ ಮದುವೆಯ ಕಾನೂನಿನ ಬಗ್ಗೆ, ಚರ್ಚಿನ ಸಂಸ್ಕಾರದ ಬಗ್ಗೆ ಅಲ್ಲ ಎಂದು ತಮ್ಮ ಜನರಿಗೆ ಪತ್ರ ಬರೆದರು. ಚರ್ಚಿನ ಬೋಧನೆಯನ್ನು ಬಿಟ್ಟುಕೊಡಲಿಲ್ಲ, ಹೀಗೇ ಮತ ಹಾಕಿ ಅಂತಲೂ ಅನ್ನಲಿಲ್ಲ. ನಿಮ್ಮ ಮನಸ್ಸಾಕ್ಷಿ ನೋಡಿಕೊಳ್ಳಿ ಎಂದರು. ಜೆಸ್ಯೂಟ್ ಎಂಬ ಕ್ಯಾಥೊಲಿಕ್ ಸಂಘದ ಪಾದ್ರಿ, ವಕೀಲರೂ ಆದ ಫ್ರಾಂಕ್ ಬ್ರೆನನ್ ಇನ್ನೊಂದು ಹೆಜ್ಜೆ ಹೋಗಿ ತಾನು 'ಬೇಕು' ಅನ್ನುವುದಾಗಿ ಬಹಿರಂಗವಾಗಿ ಹೇಳಿದರು. ಪಕ್ಕದಲ್ಲೇ ಸಿಡ್ನಿಯ ಕ್ಯಾಥೊಲಿಕ್ ಆರ್ಚ್‌ಬಿಷಪ್ ಆಂಟನಿ ಫಿಷರ್ 'ಬೇಡ' ಪರ ಗಟ್ಟಿಯಾಗಿ ನಿಂತಿದ್ದರು. ಒಂದೇ ಚರ್ಚು, ಒಂದೇ ಬೋಧನೆ!

ನವೆಂಬರ್ 15ಕ್ಕೆ ಫಲಿತಾಂಶ ಬಂತು. ದೇಶದಲ್ಲಿ 61.6% 'ಬೇಕು'. ತಮಾಷೆ ನೋಡಿ, ಪರಮಟ್ಟಾ ಕ್ಷೇತ್ರದಲ್ಲಿ ಅದೇ 61.6% 'ಬೇಡ'. 150 ಕ್ಷೇತ್ರಗಳಲ್ಲಿ 'ಬೇಡ' ಗೆದ್ದದ್ದು 17ರಲ್ಲಿ. ಅದರಲ್ಲಿ 12 ಪಶ್ಚಿಮ ಸಿಡ್ನಿಯವೇ. ನಮ್ಮಂಥ ವಲಸಿಗರು ಜಾಸ್ತಿ ಇರುವ ಜಾಗಗಳು ಇವು. ಹಾಗಾಗಿ ಜನ ಬಿಷಪ್ಪರ ಮಾತು ಕೇಳಿ ಮತ ಹಾಕುತ್ತಾರೆ ಅನ್ನುವ ಲೆಕ್ಕವನ್ನು ನಾನು ನಂಬುವುದಿಲ್ಲ. ಲಾಂಗ್ ಒತ್ತಾಯಿಸದ ಕಡೆ 'ಬೇಡ' ಬಂತು. ಡೇವಿಸ್ ದುಡ್ಡು ಸುರಿದರೂ ದೇಶ 'ಬೇಕು' ಅಂದಿತು.

ಡೇವಿಸ್ಸರಿಗೆ ಮಾತಾಡುವ ಹಕ್ಕಿರಲಿಲ್ಲ ಅನ್ನುವವರ ಜೊತೆಯೂ ನಾನಿಲ್ಲ. ಕಾನೂನಿನ ಬಗ್ಗೆ ಬಿಷಪ್ ಮಾತಾಡಬಹುದು, ಪ್ಲಂಬರ್ ಮಾತಾಡಬಹುದು. ದತ್ತಿ ನಿಧಿ ಮುಟ್ಟಿದಾಗ ಮಾತ್ರ ಅದು ಒಬ್ಬರ ಮಾತಾಗಿ ಉಳಿಯಲಿಲ್ಲ.

ಆಮೇಲೆ ಆದದ್ದು ಬೇಗ ಹೇಳಬಹುದು. 2018ರ ಜುಲೈನಲ್ಲಿ ಯುನೈಟಿಂಗ್ ಚರ್ಚ್ ಮದುವೆಗೆ ಎರಡು ವ್ಯಾಖ್ಯೆ ಇಟ್ಟುಕೊಂಡು, ಆಯ್ಕೆಯನ್ನು ಸಭಾಪಾಲಕರಿಗೆ ಬಿಟ್ಟಿತು. ನಮ್ಮ ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ) ಥರ ಇದೂ ಹಲವು ಪಂಗಡ ಕೂಡಿ ಆದ ಚರ್ಚು, ಭಿನ್ನಮತ ಇಟ್ಟುಕೊಂಡೇ ಬದುಕುವ ಅಭ್ಯಾಸ ಅದಕ್ಕಿದೆ. ಆಂಗ್ಲಿಕನ್ನರಲ್ಲಿ ಅದು ಆಗಲಿಲ್ಲ. 2019ರ ಸಿನಾಡಿನಲ್ಲಿ ಡೇವಿಸ್, ಬೋಧನೆ ಬದಲಿಸಬೇಕೆನ್ನುವವರು ದಯವಿಟ್ಟು ನಮ್ಮನ್ನು ಬಿಟ್ಟು ಹೋಗಿ ಅಂದರು. ಕೊನೆಗೆ 2022ರಲ್ಲಿ, ನಿವೃತ್ತಿಯ ನಂತರ, ಸಂಪ್ರದಾಯವಾದಿಗಳು ಹೊಸದಾಗಿ ಕಟ್ಟಿಕೊಂಡ 'ಸದರ್ನ್ ಕ್ರಾಸ್' ಡಯಾಸಿಸ್ಸಿಗೆ ಅವರೇ ಬಿಷಪ್ ಆದರು.

ಊರಿನ ಸಂಬಂಧಿಕರು ಇದನ್ನೆಲ್ಲ ಕೇಳಿ, ಇಂಡಿಯಾದಲ್ಲಿ ಹೇಗೆ ಅನ್ನುತ್ತಾರೆ. ಅಲ್ಲಿ 2023ರ ಅಕ್ಟೋಬರ್ 17ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಸಲಿಂಗ ವಿವಾಹಕ್ಕೆ ಮಾನ್ಯತೆ ಕೊಡುವುದು ಸಂಸತ್ತಿನ ಕೆಲಸ ಎಂದಿದೆ. ಸದ್ಯಕ್ಕೆ ಪಾದ್ರಿಗಳ ಮುಂದೆ ಆ ಪ್ರಶ್ನೆ ಬರುವುದೇ ಇಲ್ಲ.

ಇಲ್ಲಿಯವರು ನನ್ನನ್ನು ಕೇಳಿದರೆ ಹೇಳುವುದಿಷ್ಟು. ಮೊದಲು ಪಾಸ್ಟರ್ ಯಾವ ಪಂಗಡದವರು ನೋಡಿ. ಯುನೈಟಿಂಗ್ ಆದರೆ ಆ ಸಭೆಯವರನ್ನೇ ನೇರ ಕೇಳಿ, ಒಂದು ಬೀದಿಯಲ್ಲಿ ಹೂಂ ಅಂದದ್ದಕ್ಕೆ ಪಕ್ಕದ ಬೀದಿಯಲ್ಲಿ ಊಹೂಂ ಅನ್ನಬಹುದು. ಚರ್ಚಿನ ಹಾಲ್ ಬುಕ್ ಮಾಡುವ ಮುಂಚೆಯೂ ವಿಚಾರಿಸಿ. 47ಬಿ ಸೆಕ್ಷನ್ ಪ್ರಕಾರ ಧಾರ್ಮಿಕ ಸಂಸ್ಥೆ ಹಾಲ್ ಕೊಡಲ್ಲ ಅನ್ನಬಹುದು. ಅಡುಗೆ ಕಾಂಟ್ರಾಕ್ಟರ್, ಫೋಟೋದವರು ಹಾಗನ್ನುವಂತಿಲ್ಲ. ಅವರು ಅಂದರೆ ನನ್ನ ಹತ್ತಿರ ಬನ್ನಿ.